ಪಕ್ಷಿ, ಮರ ಕಾಪಾಡೋದು ಫಾರೆಸ್ಟ್ ಡಿಪಾರ್ಟ್‌ಮೆಂಟ್ ಕೆಲ್ಸ ಅಲ್ವಾ, ಊರಿನೋರು ಏನ್ ಮಾಡಕ್ಕಾಗುತ್ತೆ?

ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ. ಉತ್ತರಕ್ಕೆ ನಾನು ಯಾವಾಗ್ಲೂ ತೋರ್ಸೋದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನ. ಶಿಂಷಾ ನದಿ ಹತ್ರ ಇರೋ ಊರು, ಬೆಂಗಳೂರು-ಮೈಸೂರು ರೋಡಿಂದ ಸ್ವಲ್ಪ ಒಳಗೆ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟೋದು ಕಾಡಲ್ಲಲ್ಲ, ಜನರ ಹಿತ್ತಲಲ್ಲಿರೋ ಹುಣಸೆ ಮರದಲ್ಲಿ, ಬೀದಿ ಪಕ್ಕದ ಆಲ, ಅರಳಿಯಲ್ಲಿ. ಕೆಳಗೆ ದನ ಕಟ್ಟಿರ್ತಾರೆ, ಮಕ್ಕಳು ಆಡ್ತಿರ್ತಾರೆ, ಮೇಲೆ ಮರಿಗಳ ಗಲಾಟೆ. ಇಲಾಖೆಯೋರು ಎಷ್ಟು ಜನ ಬಂದ್ರೂ ಒಬ್ಬೊಬ್ಬರ ಹಿತ್ತಲಿಗೂ ಕಾವಲು ನಿಲ್ಲಕ್ಕಾಗಲ್ಲ, ಆ ಮರ ಕಡೀಬೇಕಾ ಬಿಡಬೇಕಾ ಅಂತ ತೀರ್ಮಾನ ಮಾಡೋದು ಆ ಮನೆಯೋರೇ.

1853ರಲ್ಲೇ ಜೆರ್ಡನ್ ಅನ್ನೋ ಬ್ರಿಟಿಷ್ ಪಕ್ಷಿತಜ್ಞ ಇಲ್ಲಿನ ಹೆಜ್ಜಾರ್ಲೆ ಬಗ್ಗೆ ಬರೆದಿದ್ದಾನೆ, ಅಂದ್ರೆ ಕಾಯ್ದೆ ಕಾನೂನು ಬರೋಕೆ ಎಷ್ಟೋ ಮುಂಚೆಯಿಂದ ಊರಿನೋರು ಇವನ್ನ ಇಟ್ಕೊಂಡು ಬಂದಿದಾರೆ. ಬಾಣಂತನಕ್ಕೆ ತವರಿಗೆ ಬರೋ ಹೆಣ್ಮಕ್ಕಳು ಇವು ಅಂತಾರೆ ಅಲ್ಲಿ. ಪ್ರೀತಿ ಇದೆ ನಿಜ, ಜೊತೆಗೆ ಲೆಕ್ಕಾಚಾರನೂ ಇತ್ತು. ಹಿಕ್ಕೆ ಒಳ್ಳೆ ಗೊಬ್ಬರ, ಮರದ ಬುಡಕ್ಕೆ ಕೆರೆ ಗೋಡು ಹಾಕಿ, ಹಿಕ್ಕೆ ಬೆರೆತ್ಮೇಲೆ ಅದನ್ನ ಗದ್ದೆಗೆ ಹೊಡೀತಿದ್ರು. ಯೂರಿಯಾ ಬಂದ್ಮೇಲೆ ಆ ಲಾಭ ಕಮ್ಮಿ ಆಯ್ತು, ನಷ್ಟ ಮಾತ್ರ ಹಾಗೇ ಉಳೀತು, ಯಾಕಂದ್ರೆ ಹಕ್ಕಿ ಕೂತ ಮರದ ಹುಣಸೆಹಣ್ಣು ಸರಿಯಾಗಿ ಸಿಗಲ್ಲ, ಹುಣಸೆಗೆ ರೇಟ್ ಬಂದಾಗ, ಮನೆ ಕಟ್ಟಕ್ಕೆ ಜಾಗ ಬೇಕಾದಾಗ ಮರ ಉಳ್ಸ್ಕೋ ಅಂತ ಬರೀ ಬಾಯಲ್ಲಿ ಹೇಳಿದ್ರೆ ಯಾರ್ ಕೇಳ್ತಾರೆ? ಅದಕ್ಕೇ ಅರಣ್ಯ ಇಲಾಖೆ ಹಕ್ಕಿ ಕೂರೋ ಮರಗಳಿಗೆ ಪರಿಹಾರ ಕೊಡೋ ವ್ಯವಸ್ಥೆ ಮಾಡ್ತು. ಇದು ಭಿಕ್ಷೆ ಅಲ್ಲ, ನಮ್ಮೆಲ್ಲರ ಪರವಾಗಿ ಅವರು ಹೊರ್ತಿರೋ ಖರ್ಚು, ಇನ್ನೂ ಜಾಸ್ತಿ ಕೊಟ್ರೂ ತಪ್ಪಿಲ್ಲ ಅನ್ನೋದು ನನ್ನ ಅಭಿಪ್ರಾಯ.

1990ರ ದಶಕದಲ್ಲಿ ಮೈಸೂರಿನ ಪರಿಸರಾಸಕ್ತರು ಬಂದು ಊರಿನೋರ ಜೊತೆ ಕೆಲ್ಸ ಶುರು ಮಾಡಿದ್ರು, ಅಲ್ಲಿಂದ 'ಹೆಜ್ಜಾರ್ಲೆ ಬಳಗ' ಹುಟ್ತು. ಗೂಡಿಂದ ಬಿದ್ದ ಮರಿಗಳನ್ನ ಎತ್ಕೊಂಡು ಬಂದು, ಮೀನು ತಿನ್ಸಿ, ಹಾರೋವರೆಗೂ ಸಾಕೋದು ಈ ಬಳಗದ ದೊಡ್ಡ ಕೆಲ್ಸ.

2007ರಲ್ಲಿ ಸರ್ಕಾರ ಈ ಜಾಗನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸ್ತು. ಇದು ನ್ಯಾಷನಲ್ ಪಾರ್ಕ್ ತರ ಅಲ್ಲ, ಜನರನ್ನ ಎಬ್ಬಿಸಲ್ಲ, ಜಮೀನು ಅವರದ್ದೇ ಇರುತ್ತೆ.

ಆದ್ರೆ ಊರೊಳಗೆ ಎಷ್ಟೇ ಜೋಪಾನ ಮಾಡಿದ್ರೂ ಹಕ್ಕಿ ಊಟಕ್ಕೆ ಹೋಗೋದು ಸುತ್ತಲಿನ ಕೆರೆಗಳಿಗೆ. 2017ರ ಕೊನೆ, 2018ರ ಹೊತ್ತಿಗೆ ಇಲ್ಲಿ ತುಂಬಾ ಹೆಜ್ಜಾರ್ಲೆ ಸತ್ತುಹೋದ್ವು, ಹೊಟ್ಟೇಲಿ ಜಂತುಹುಳ ಸಿಕ್ತು, ಅದು ಬರೋದು ಮೀನಿನ ಮೂಲಕ. ಹಾಗಾಗಿ ಪಕ್ಕದ ಊರಿನ ಕೆರೆನೂ ಈ ಊರಿನ ವಿಷ್ಯನೇ.

ಹಾಗಾದ್ರೆ ನಿಮ್ಮೂರಲ್ಲಿ ಎಲ್ಲಿಂದ ಶುರು ಮಾಡೋದು? 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಅದು ಜನರನ್ನ ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ, ಅಂದ್ರೆ ಊರಲ್ಲಿರೋ ಗಿಡ, ಪ್ರಾಣಿ, ತಳಿಗಳನ್ನೆಲ್ಲ ಬರೆದಿಡೋ ಪುಸ್ತಕ, ಮಾಡ್ಬೇಕು. 2020ರ ಜನವರಿ ಒಳಗೆ ಮುಗಿಸಿ ಅಂತ ಪರಿಸರದ ಕೇಸು ನೋಡೋ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿದ್ರಿಂದ ಎಷ್ಟೋ ಕಡೆ ಅವಸರದಲ್ಲಿ ಪುಟ ತುಂಬಿಸಿದ್ರು. ನಿಮ್ಮ ಪಂಚಾಯ್ತಿಗೆ ಹೋಗಿ ಆ ಪುಸ್ತಕ ತೋರ್ಸಿ ಅಂತ ಕೇಳಿ. ನಿಮ್ಮ ಕೆರೆ ಮೀನು, ಹಕ್ಕಿ ಕೂರೋ ಮರ, ನಾಟಿ ಭತ್ತದ ತಳಿ, ಅಜ್ಜಿಗೆ ಗೊತ್ತಿರೋ ಬೆರಕೆ ಸೊಪ್ಪಿನ ಹೆಸರುಗಳು ಅದ್ರಲ್ಲಿ ಇಲ್ಲ ಅಂದ್ರೆ ಸಮಿತಿ ಸದಸ್ಯರನ್ನ ಕೂರಿಸ್ಕೊಂಡು ಸೇರಿಸಿ, ಮುಂದಿನ ಗ್ರಾಮಸಭೆಲಿ ಅದನ್ನ ಓದಿಸಿ.