ಬೆಲ್ಲದವರ ಮನೆಗೆ ಮೆಣಸಿನಕಾಯಿ ಹುಡುಗಿ

ಹೋದ ಬೇಸಗೆಯಲ್ಲಿ ಹುಬ್ಬಳ್ಳಿಯಿಂದ ಒಂದು ಲಗ್ನಪತ್ರಿಕೆ ಬಂತು. ಗಂಡಿನ ಕಡೆಯವರು ಬೆಲ್ಲದ. ಹೆಣ್ಣಿನ ಕಡೆಯವರು ಮೆಣಸಿನಕಾಯಿ. ಬೆಂಗಳೂರಿನಿಂದ ಬಂದಿದ್ದ ಗೆಳೆಯ ಅದನ್ನು ಎರಡು ಸಲ ಓದಿ, "ಇದು ಮದುವೆ ಕಾರ್ಡೋ, ಕಿರಾಣಿ ಚೀಟಿಯೋ?" ಅಂದ. ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ನಮ್ಮವ್ವ ತಲೆ ಎತ್ತಲಿಲ್ಲ. "ಹುಣಸಿಮರದ ಅವರೂ ಬರ್ತಾರ ತಗೋಪಾ, ಸಾರು ಮಾಡಿಬಿಡೂಣು" ಅಂದಳು.

ನಕ್ಕು ಮುಗಿಸಿದೆವು. ಆದರೆ ರಾತ್ರಿ ಮಲಗಿದಾಗ ಒಂದು ಸಣ್ಣ ಪ್ರಶ್ನೆ ಕೊರೆಯತೊಡಗಿತು. ಬೆಲ್ಲಕ್ಕೆ ಬಾಲದಲ್ಲಿ 'ದ' ಬಂದಿದೆ. ಮೆಣಸಿನಕಾಯಿಗೆ ಯಾಕೆ ಏನೂ ಬಂದಿಲ್ಲ?

ನಮ್ಮ ಕಡೆ ಸರನೇಮಿಗೆ ಅಡ್ಡಹೆಸರು ಅಂತೀವಿ. ಮೈಸೂರು ಕಡೆಯವರ ಕಿವಿಗೆ ಅಡ್ಡಹೆಸರು ಅಂದರೆ ಗೇಲಿಗೆ ಇಟ್ಟ ಹೆಸರು. ಹಾಗಾಗಿ "ನಿಮ್ಮ ಅಡ್ಡಹೆಸರು ಏನ್ರಿ?" ಅಂತ ಇಲ್ಲಿ ಯಾರಾದರೂ ಕೇಳಿದರೆ ಅವರು ಒಂದು ಕ್ಷಣ ಗಾಬರಿಯಾಗುತ್ತಾರೆ. ಧಾರವಾಡ, ಗದಗ, ಹಾವೇರಿಯ ಅಡ್ಡಹೆಸರುಗಳಲ್ಲಿ ಊಟದ ಸಾಮಾನು ಬಹಳ. ಅಕ್ಕಿ, ಬೆಣ್ಣಿ, ಎಣ್ಣಿ, ಉಳ್ಳಾಗಡ್ಡಿ, ತುಪ್ಪದ, ಬೆಲ್ಲದ, ಉಪ್ಪಿನ. ಈ ಪಟ್ಟಿಯನ್ನು ಸುಮ್ನೆ ಒಮ್ಮೆ ಜೋರಾಗಿ ಓದಿ ನೋಡಿ. ಅ-ಕಾರದಲ್ಲಿ ಮುಗಿಯುವ ಬೆಲ್ಲ, ತುಪ್ಪಕ್ಕೆ 'ದ' ಬಂದಿದೆ. ಉ-ಕಾರದ ಉಪ್ಪಿಗೆ 'ಇನ' ಬಂದಿದೆ. ಇ-ಕಾರದ ಅಕ್ಕಿ, ಬೆಣ್ಣಿ, ಉಳ್ಳಾಗಡ್ಡಿಗೆ ಏನೂ ಬಂದಿಲ್ಲ. ನಾವು ಮಾತಾಡುವುದೂ ಹೀಗೇ ಅಲ್ವಾ? ಬೆಲ್ಲದ ಅಂಗಡಿ, ಉಪ್ಪಿನ ಚೀಲ, ಅಕ್ಕಿ ಚೀಲ. ಅಂದರೆ ಇವು ಬರೀ ವಸ್ತುಗಳ ಹೆಸರಲ್ಲ. ಇವು ಷಷ್ಠಿ ವಿಭಕ್ತಿಯ ಮಾತುಗಳು. ಅವುಗಳ ಮುಂದೆ ಇನ್ನೊಂದು ಪದ ಇರಬೇಕಿತ್ತು.

ಆ ಪದ ಯಾವುದು ಅಂತ ತಿಳಿಯಲು ಯಾವುದೇ ಹಳ್ಳಿಗೆ ಹೋಗಿ ನಿಂತರೆ ಸಾಕು. ಅಲ್ಲಿ ಯಾರೂ "ಬಸಪ್ಪ ಬೆಲ್ಲದ" ಅನ್ನುವುದಿಲ್ಲ. "ಬೆಲ್ಲದ ಬಸಪ್ಪ" ಅಂತಾರೆ. ಹೆಸರೇ ಆ ಕಾಣೆಯಾದ ಪದ! ಇದು ಬಹಳ ಹಳೆಯ ಕ್ರಮ. 12ನೇ ಶತಮಾನದ ವಚನಕಾರರನ್ನು ನೆನೆಸಿಕೊಳ್ಳಿ. ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ನಮ್ಮ ಹಾವೇರಿ ಜಿಲ್ಲೆಯ ಚೌಡದಾನಪುರದ ಅಂಬಿಗರ ಚೌಡಯ್ಯ. ಮೊದಲು ಕಾಯಕ, ಆಮೇಲೆ ಹೆಸರು. ಹಡಪ ಅಂದರೆ ಎಲೆ ಅಡಿಕೆಯ ಚೀಲ, ನುಲಿ ಅಂದರೆ ಹಗ್ಗ.

ಇದನ್ನು ತಿರುವಿ ಹಾಕಿದ್ದು ರಿಜಿಸ್ಟರು. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸುವವರೆಗೆ ಧಾರವಾಡ ಜಿಲ್ಲೆ ಮುಂಬೈ ಆಡಳಿತದ ಕೆಳಗಿತ್ತು. ಅಲ್ಲಿನ ರೂಢಿಯಲ್ಲಿ ಮೊದಲು ತನ್ನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಸಾಲಿ ಮಾಸ್ತರು ಬರೆದುಕೊಂಡರು, "ಬೆಲ್ಲದ ಬಸಪ್ಪ" ಹೋಗಿ "ಬಸಪ್ಪ ಬೆಲ್ಲದ" ಆದ. 'ದ' ಮಾತ್ರ ಹಿಂದೆ ಹಿಡಿಯಲು ಏನೂ ಇಲ್ಲದೆ ಗಾಳಿಯಲ್ಲಿ ನೇತಾಡುತ್ತಾ ಉಳಿಯಿತು. ಹಳೇ ಮೈಸೂರಿನವರಿಗೆ ಇಂಥ ಒತ್ತಾಯ ಇರಲಿಲ್ಲ, ಅವರು ಇನಿಷಿಯಲ್ಲಿನಲ್ಲೇ ಕಾಲ ಹಾಕಿದರು. ನಮ್ಮ ಗೆಳೆಯನಿಗೆ ನಗು ಬಂದದ್ದು ಅದಕ್ಕೇ ಇರಬೇಕು.

ಇನ್ನು ಮೆಣಸಿನಕಾಯಿಗೆ ಬರೋಣ. ನನಗೆ ಈ ಅಡ್ಡಹೆಸರು ಇಷ್ಟವಾಗುವುದು ಅದರೊಳಗೆ ಒಂದು ಗಡಿಯಾರ ಇರುವುದರಿಂದ.

ಮೆಣಸಿನಕಾಯಿ ನಮ್ಮ ನೆಲದ ಗಿಡ ಅಲ್ಲ. ಅದರ ತವರು ಅಮೆರಿಕ ಖಂಡ. ಮೆಕ್ಸಿಕೋ ಸೀಮೆಯ ಜನ ಸಾವಿರಾರು ವರ್ಷ ಅದನ್ನು ಬೆಳೆದು ತಿನ್ನುತ್ತಿದ್ದರು. ಕೊಲಂಬಸ್ 1492ರಲ್ಲಿ ಆ ಕಡೆ ಮುಟ್ಟಿದ. ವಾಸ್ಕೋ ಡ ಗಾಮ 1498ರಲ್ಲಿ ಕೇರಳದ ಕರಾವಳಿಗೆ ಬಂದ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. 16ನೇ ಶತಮಾನದಲ್ಲಿ ಅವರ ಹಡಗುಗಳಲ್ಲೇ ಈ ಕಾಯಿ ಇಲ್ಲಿಗೆ ಇಳಿಯಿತು. ಗೋವಾದಿಂದ ಘಟ್ಟ ಹತ್ತಿದರೆ ಧಾರವಾಡ ಎಷ್ಟು ದೂರ?

ಅದಕ್ಕೂ ಮುಂಚೆ ನಮ್ಮ ಅಡುಗೆಯಲ್ಲಿ ಖಾರ ಅಂದರೆ ಮೆಣಸು, ಅಂದರೆ ಕಾಳುಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಈ ಕಾಳಿನ ವ್ಯಾಪಾರಕ್ಕಾಗಿ. ಹೊಸ ಕಾಯಿ ಬಂದಾಗ ಅದಕ್ಕೊಂದು ಹೆಸರು ಬೇಕಾಯಿತು. ಖಾರ ಮೆಣಸಿನದು, ಆಕಾರ ಕಾಯಿಯದು. ಮೆಣಸಿನಕಾಯಿ! ತಮಿಳರೂ ಇದನ್ನೇ ಮಾಡಿದರು. ಅವರ ಕಾಳು ಮಿಳಗು, ಕಾಯಿ ಮಿಳಗಾಯ್. ತೆಲುಗಿನಲ್ಲಿ ಮಿರಿಯಾಲು, ಮಿರಪಕಾಯ. ಸಂಸ್ಕೃತದ ಮರೀಚ ಕೂಡ ಕಾಳುಮೆಣಸೇ. ಅದರ ಮೊಮ್ಮಗ ಮಿರ್ಚಿ ಈಗ ಗಿರಮಿಟ್ಟಿನ ಪಕ್ಕದಲ್ಲಿ ಹಿಟ್ಟು ಹೊದ್ದು ಕೂತಿದ್ದಾನೆ. ಮಂಗಳೂರು ಕಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ಮೆಣಸು ಅಂದರೆ ಹೊಸ ಕಾಯಿಯೇ. ಹಳೆಯ ಕಾಳು 'ಒಳ್ಳೆಮೆಣಸು' ಆಯಿತು. ಬಾಡಿಗೆಗೆ ಬಂದವನು ಮನೆ ಯಜಮಾನನ ಹೆಸರನ್ನೇ ಕಿತ್ತುಕೊಂಡ ಹಾಗೆ.

ಎರಡೂ ಗಿಡಗಳಿಗೆ ಸಂಬಂಧವೇ ಇಲ್ಲ. ಒಂದು ಬಳ್ಳಿ, ವೀಳ್ಯದೆಲೆಯ ಬಳಗ. ಇನ್ನೊಂದು ಬದನೆ, ಟೊಮೆಟೊಗಳ ಬಳಗ. ಖಾರ ಕೊಡುವ ವಸ್ತುವೂ ಬೇರೆ. ಕಾಳಿನಲ್ಲಿ ಪೈಪರಿನ್, ಕಾಯಿಯಲ್ಲಿ ಕ್ಯಾಪ್ಸೈಸಿನ್. ಹಾಗಾದರೆ ಹೆಸರಿಟ್ಟ ನಮ್ಮ ಹಿರಿಯರು ತಪ್ಪಿದರಾ? ಇಲ್ಲ. ನಮ್ಮ ನಾಲಿಗೆಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಬಾಗಿಲಿದೆ. ವಿಜ್ಞಾನಿಗಳು ಅದಕ್ಕೆ ಟಿಆರ್‌ಪಿವಿ1 ಅಂತಾರೆ. ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಇದನ್ನು ಪತ್ತೆ ಮಾಡಿತು, 2021ರಲ್ಲಿ ಅವರಿಗೆ ನೊಬೆಲ್ ಪಾಲು ಬಂತು. ಕ್ಯಾಪ್ಸೈಸಿನ್ ಈ ಬಾಗಿಲನ್ನು ತಟ್ಟುತ್ತದೆ. ಪೈಪರಿನ್ ಕೂಡ ಇದೇ ಬಾಗಿಲನ್ನು ತಟ್ಟುತ್ತದೆ, ಸ್ವಲ್ಪ ಮೆಲ್ಲಗೆ. ಬಾಯಿ ಸುಟ್ಟುಕೊಂಡವರು ಇಟ್ಟ ಹೆಸರು ನರವಿಜ್ಞಾನದ ಪರೀಕ್ಷೆಯಲ್ಲೂ ಪಾಸಾಯಿತು.

ಗಡಿಯಾರದ ಮಾತಿಗೆ ಮರಳೋಣ. ಮೆಣಸಿನಕಾಯಿ ಅನ್ನುವ ಅಡ್ಡಹೆಸರು 16ನೇ ಶತಮಾನಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಬೆಲ್ಲದ ಎಷ್ಟು ಬೇಕಾದರೂ ಹಳೆಯದಿರಬಹುದು. ಆ ಮದುವೆಯಲ್ಲಿ ಕನಿಷ್ಠ ಹೆಸರಿನ ಮಟ್ಟಿಗೆ ಗಂಡಿನವರೇ ಹಿರಿಯರು. ತಂಬಾಕದ ಅನ್ನುವ ಅಡ್ಡಹೆಸರಿಗೂ ಇದೇ ಲೆಕ್ಕ. ತಂಬಾಕು ಕೂಡ ಅಮೆರಿಕದ ಗಿಡ. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಅದನ್ನು ವಿಜಯಪುರದಲ್ಲಿ ಕಂಡು ಬೆರಗಾಗಿ, ಒಂದು ಅಂದದ ಕೊಳವೆ ಮಾಡಿಸಿ, ಬಾದಶಹನಿಗೆ ಒಯ್ದು ಕೊಟ್ಟ. ಇನ್ನು ನದಾಫ, ನಾಲಬಂದ ಇಂಥವು ಅರಬ್ಬಿ, ಪಾರಸಿ ಮೂಲದವು. ಹತ್ತಿ ಹಿಂಜುವವನು ನದಾಫ, ಕುದುರೆ ಎತ್ತುಗಳಿಗೆ ಲಾಳ ಹೊಡೆಯುವವನು ನಾಲಬಂದ. ಆ ನುಡಿಗಳು ಇಲ್ಲಿನ ಸಂತೆ, ಕಚೇರಿಗಳಿಗೆ ಬಂದ ಮೇಲಷ್ಟೇ ಈ ಹೆಸರುಗಳು ಹುಟ್ಟಿರಬೇಕು.

ಈಗ ಒಂದು ತಪ್ಪು ಊಹೆ ಹೇಳುತ್ತೇನೆ. ನಾನೇ ಮಾಡಿದ್ದು. ಬ್ಯಾಡಗಿ ಅಂದರೆ ಮೆಣಸಿನಕಾಯಿ, ಹಾಗಾಗಿ ಈ ಅಡ್ಡಹೆಸರಿನವರು ಬ್ಯಾಡಗಿ ಸುತ್ತಲೇ ಕಿಕ್ಕಿರಿದಿರಬೇಕು ಅಂತ. ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋದವರಿಗೆ ಗೊತ್ತು, ಕೆಂಪು ರಾಶಿ ಕಣ್ಣಿಗೆ ಬೀಳುವ ಮುಂಚೆ ಸೀನು ಬರುತ್ತದೆ. ಡಬ್ಬಿ, ಕಡ್ಡಿ ಅಂತ ಎರಡು ತಳಿ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಜಾ ಅಂದರೆ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆದ ಕೆಂಪು ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ.

ಆದರೆ ಊರಿಗೆ ಊರೇ ಮೆಣಸಿನಕಾಯಿ ಬೆಳೆದರೆ ಅದು ಯಾರ ಗುರುತೂ ಆಗುವುದಿಲ್ಲ. ಹೆಸರು ಇಡುವುದು ಬೇರೆ ಮಾಡಿ ತೋರಿಸಲು. ಓಣಿಯಲ್ಲಿ ನಾಲ್ಕು ಜನ ಬಸಪ್ಪ ಇದ್ದು ಒಬ್ಬನೇ ಮೆಣಸಿನಕಾಯಿ ಚೀಲ ಹೊತ್ತು ಮಾರಿದರೆ ಅವನು ಮೆಣಸಿನಕಾಯಿ ಬಸಪ್ಪ. ಅಥವಾ ಅವನೊಬ್ಬನ ಮೂಗಿನ ತುದಿಯಲ್ಲೇ ಸಿಟ್ಟಿದ್ದರೂ ಆದೀತು. ಹಳ್ಳಿಯವರು ಹೆಸರಿಡುವಾಗ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ.

ಊರಿನ ಹೆಸರಿನ ಅಡ್ಡಹೆಸರುಗಳಲ್ಲಿ ಈ ನಿಯಮ ಚೆನ್ನಾಗಿ ಕಾಣುತ್ತದೆ. ಗೋಕಾಕದಲ್ಲಿ ಇರುವವನನ್ನು ಯಾರು ಗೋಕಾಕ ಅಂತ ಕರೆದಾರು? ಎಲ್ಲರೂ ಅಲ್ಲಿಯವರೇ. ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಧಾರವಾಡದಲ್ಲಿ, ಬಾಳಿ ಬೆಳಗಿದ್ದು ಹುಬ್ಬಳ್ಳಿಯಲ್ಲಿ. ಇಂಥ ಅಡ್ಡಹೆಸರು ಸಾಮಾನ್ಯವಾಗಿ ನೀವು ಎಲ್ಲಿದ್ದೀರಿ ಅಂತ ಹೇಳುವುದಿಲ್ಲ. ನಿಮ್ಮ ಹಿರಿಯರು ಯಾವ ಊರು ಬಿಟ್ಟರು ಅಂತ ಹೇಳುತ್ತದೆ.

ಹಾಗಾಗಿ ಅಡ್ಡಹೆಸರಿನ ನಕ್ಷೆ ಬರೆಯುವುದು ಸುಲಭದ ಕೆಲಸ ಅಲ್ಲ. ಜಿಲ್ಲೆಗಳ ಗೆರೆಯನ್ನು ನಂಬುವ ಹಾಗಿಲ್ಲ. ಧಾರವಾಡ, ಗದಗ, ಹಾವೇರಿ ಮೂರೂ 1997ರವರೆಗೆ ಒಂದೇ ಜಿಲ್ಲೆ. ಕಂಪ್ಯೂಟರನ್ನೂ ನಂಬುವ ಹಾಗಿಲ್ಲ. ಮೆಣಸಿನಕಾಯಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ನಡುವಿನ 'ನ'ಕ್ಕೆ ಎ ಹಚ್ಚುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಒಬ್ಬರ ಕೊನೆಯಲ್ಲಿ ವೈ ಇದೆ, ಇನ್ನೊಬ್ಬರಲ್ಲಿ ಬರೀ ಐ. ಅಣ್ಣತಮ್ಮಂದಿರೇ ಎರಡು ಥರ ಬರೆದುಕೊಂಡಿರುವುದುಂಟು. ಮಷೀನಿಗೆ ಇವರು ನಾಲ್ಕು ಬೇರೆ ಬೇರೆ ಮನೆತನ.

ಒಂದೇ ಅಡ್ಡಹೆಸರಿನವರೆಲ್ಲ ಒಂದೇ ರಕ್ತವಾ ಅಂತ ಜನ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಬ್ರಯಾನ್ ಸೈಕ್ಸ್ ಅನ್ನುವ ತಳಿವಿಜ್ಞಾನಿ ತನ್ನದೇ ಅಡ್ಡಹೆಸರಿನ 48 ಗಂಡಸರ ವೈ ಕ್ರೋಮೋಸೋಮನ್ನು ಪರೀಕ್ಷಿಸಿ 2000ದಲ್ಲಿ ವರದಿ ಬರೆದರು. ಈ ಕ್ರೋಮೋಸೋಮು ಅಡ್ಡಹೆಸರಿನ ಹಾಗೆಯೇ ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಒಂದೇ ಗುರುತು ಸಿಕ್ಕಿತು. ನಮ್ಮ ಮೆಣಸಿನಕಾಯಿಯವರಲ್ಲಿ ಹಾಗೆ ಸಿಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಕಾಯಿ ಮಾರುವವನು ಒಂದೇ ಊರಿನಲ್ಲಿ ಇದ್ದನೇ? ಪಾಟೀಲ, ಕುಲಕರ್ಣಿಯ ಕಥೆಯೂ ಅಷ್ಟೇ. ಊರಿಗೊಬ್ಬ ಪಾಟೀಲ, ಊರಿಗೊಬ್ಬ ಕುಲಕರ್ಣಿ ಇದ್ದದ್ದಕ್ಕೇ ಅವು ಅಷ್ಟೊಂದು ಹಬ್ಬಿವೆ.

ಹಾಗಾದರೆ ಕೆಲವು ಅಡ್ಡಹೆಸರು ಯಾಕೆ ಅಪರೂಪ? ಇದಕ್ಕೆ ಉತ್ತರ ನಾಣ್ಯದಲ್ಲಿದೆ. ಎರಡು ನಾಣ್ಯ ತೆಗೆದುಕೊಳ್ಳಿ. ನೂರು ಮನೆ, ನೂರು ಬೇರೆ ಬೇರೆ ಅಡ್ಡಹೆಸರು ಅಂದುಕೊಳ್ಳಿ. ಪ್ರತಿ ಮನೆಗೆ ಎರಡೂ ನಾಣ್ಯ ಚಿಮ್ಮಿ. ಎಷ್ಟು ರಾಜ ಬಿದ್ದವೋ ಅಷ್ಟು ಗಂಡುಮಕ್ಕಳು. ಸರಾಸರಿ ಒಬ್ಬನೇ ಮಗ, ಅಂದರೆ ಜನಸಂಖ್ಯೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆದರೆ ಮೊದಲ ಸುತ್ತಿನಲ್ಲೇ ಸುಮಾರು 25 ಮನೆಗಳಿಗೆ ಒಂದೂ ರಾಜ ಬೀಳುವುದಿಲ್ಲ. ಆ ಹೆಸರು ಅಲ್ಲಿಗೆ ನಿಂತಿತು. ಉಳಿದ ಗಂಡುಮಕ್ಕಳಿಗೂ ಹೀಗೇ ಚಿಮ್ಮುತ್ತಾ ಹೋಗಿ. ಐದು ತಲೆಮಾರಿಗೆ ಸುಮಾರು 40 ಅಡ್ಡಹೆಸರು ಉಳಿದಿರುತ್ತವೆ, ಹತ್ತು ತಲೆಮಾರಿಗೆ 26ರ ಆಸುಪಾಸು. ಉಳಿದವು ತಮ್ಮ ಯೋಗ್ಯತೆಯಿಂದ ಉಳಿದದ್ದಲ್ಲ, ಬರೀ ರಾಜ ಬಿದ್ದದ್ದಕ್ಕೆ ಉಳಿದವು.

ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಈ ಲೆಕ್ಕವನ್ನು ಕೇಳಿದ್ದ. ಹೆನ್ರಿ ವಾಟ್ಸನ್ ಅನ್ನುವ ಪಾದ್ರಿ ಬಿಡಿಸಿದರು. 1874ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಪಾದ್ರಿಗಳು ಒಂದು ತಪ್ಪು ಮಾಡಿದರು, ಎಲ್ಲ ಹೆಸರುಗಳೂ ಕೊನೆಗೆ ಅಳಿಯಲೇಬೇಕು ಅಂದರು. ಸರಾಸರಿ ಒಂದು ಅಥವಾ ಕಡಿಮೆ ಇದ್ದರೆ ಆ ಮಾತು ನಿಜ. ಒಂದಕ್ಕಿಂತ ಜಾಸ್ತಿ ಇದ್ದರೆ ಕೆಲವು ಬದುಕುತ್ತವೆ. ಇದೇ ಗಣಿತವನ್ನು ಈಗ ಅಣು ಸರಪಳಿ ಕ್ರಿಯೆಗೂ ಸಾಂಕ್ರಾಮಿಕ ರೋಗಕ್ಕೂ ಬಳಸುತ್ತಾರೆ.

ಈ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇಲ್ಲ. ಮೆಣಸಿನಕಾಯಿ ಹುಡುಗಿ ಬೆಲ್ಲದ ಮನೆ ಸೇರಿದಳು, ಲೆಕ್ಕದಿಂದ ಹೊರಗೆ. ಮದುವೆಗೆ ಹೋದಾಗ ಮದುಮಗಳನ್ನೇ ಕೇಳಿದೆ. "ನಾ ಯಾಕ ಬದಲ್ ಮಾಡ್ಲಿರಿ? ಪಾಸ್‌ಪೋರ್ಟು, ಮಾರ್ಕ್ಸ್‌ಕಾರ್ಡು ಎಲ್ಲಾ ಮತ್ತ ತಿದ್ದಿಸೋರು ಯಾರು?" ಅಂದಳು. ಗಾಲ್ಟನ್ನನ ನಾಣ್ಯಕ್ಕೆ ಇದು ಗೊತ್ತಿರಲಿಲ್ಲ.

ಇನ್ನೂ ಒಂದು ಗೊತ್ತಿರಲಿಲ್ಲ. ಆ ಲೆಕ್ಕದಲ್ಲಿ ಹೆಸರುಗಳು ಸಾಯುತ್ತವೆ, ಹುಟ್ಟುವುದಿಲ್ಲ. ನಮ್ಮಲ್ಲಿ ಹುಟ್ಟುವುದು ನಿಂತೇ ಇಲ್ಲ. ನನ್ನ ಮೊಬೈಲು ತೆಗೆದರೆ ಜೆಸಿಬಿ ಮಂಜಣ್ಣ, ಗ್ಯಾಸ್ ರಫೀಕ್, ವೈಫೈ ಈರಣ್ಣ ಇದ್ದಾರೆ. ಮೊದಲು ಕಾಯಕ, ಆಮೇಲೆ ಹೆಸರು. ವೈಫೈ ಅನ್ನುವ ಪದ ಬಂದದ್ದೇ 1999ರಲ್ಲಿ, ಹಾಗಾಗಿ ಈರಣ್ಣನ ಗಡಿಯಾರ ಓದುವುದು ಮುಂದಿನವರಿಗೆ ಕಷ್ಟವಾಗಲಿಕ್ಕಿಲ್ಲ. ಮೊನ್ನೆ ಸಾಲಿ ಬಿಟ್ಟ ಹೊತ್ತಿಗೆ ಓಣಿಯಲ್ಲಿ ಒಂದು ಪುಟ್ಟ ಹುಡುಗಿ ಎದುರಾಯಿತು. "ಯಾರ ಮಗಳವಾ ನೀನು?" ಅಂತ ನಮ್ಮವ್ವ ಕೇಳಿದಳು.

"ವೈಫೈ ಅವರ ಮನಿಯಾಕಿರಿ."