‘ಡೇಟಾ’ ಇವೆಂಟ್ ಬಂತು ಅಂದರೆ ಸಂದೇಶ ಬಂತು ಅಂತಲ್ಲ

ನೋಡ್.ಜೆಎಸ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಮೊದಲ ಸಲ ಟಿಸಿಪಿ (ನೆಟ್‌ವರ್ಕ್‌ನಲ್ಲಿ ಬೈಟ್‌ಗಳನ್ನು ಸಾಗಿಸುವ ನಿಯಮ) ಸರ್ವರ್ ಬರೆಯುವವರು ಬಹುತೇಕ ಹೀಗೇ ಮಾಡುತ್ತಾರೆ: ಸಾಕೆಟ್‌ನ (ಸಂಪರ್ಕದ ನಮ್ಮ ಕಡೆಯ ತುದಿ) ‘ಡೇಟಾ’ ಇವೆಂಟ್‌ಗೆ ಒಂದು ಫಂಕ್ಷನ್ ಕೊಟ್ಟು, ಬಂದ ಬಫರನ್ನು, ಅಂದರೆ ಬೈಟ್‌ಗಳ ತುಂಡನ್ನು, ಅಲ್ಲೇ ಜೇಸನ್ ಎಂದು ಪಾರ್ಸ್ ಮಾಡುವುದು. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಇದು ಸಲೀಸಾಗಿ ನಡೆಯುತ್ತದೆ. ಮೋಸ ಇರುವುದೇ ಅಲ್ಲಿ. ಲಿನಕ್ಸ್‌ನ ಲೂಪ್‌ಬ್ಯಾಕ್ (ಯಂತ್ರ ತನಗೆ ತಾನೇ ಕಳಿಸಿಕೊಳ್ಳುವ ದಾರಿ) ಒಂದು ಪ್ಯಾಕೆಟ್‌ನಲ್ಲಿ 65,536 ಬೈಟ್‌ವರೆಗೆ ಹೊರುತ್ತದೆ. ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ 1,500, ಹೆಡರ್ ಕಳೆದರೆ ಹೆಚ್ಚೆಂದರೆ 1,460. ಮನೆಯಲ್ಲಿ ಇಡಿಯಾಗಿ ಬಂದ 5,000 ಬೈಟ್‌ನ ಸಂದೇಶ ಹೊರಗೆ ನಾಲ್ಕು ಪ್ಯಾಕೆಟ್ ಆಗುತ್ತದೆ. ಅತ್ತ ಕಡೆಯವರು ಬೆನ್ನುಬೆನ್ನಿಗೆ ಮೂರು ಸಣ್ಣ ರೈಟ್ ಮಾಡಿದರೆ ಮೂರೂ ಅಂಟಿಕೊಂಡು ಒಂದೇ ತುಂಡಾಗಿಯೂ ಬಂದೀತು. ಟಿಸಿಪಿ ಕಾಯುವುದು ಬೈಟ್‌ಗಳ ಕ್ರಮವನ್ನು ಮಾತ್ರ. ಸಂದೇಶ ಎಲ್ಲಿ ಮುಗಿಯಿತೆಂಬುದು ಅದಕ್ಕೆ ಗೊತ್ತಿಲ್ಲ.

ಗಡಿಯನ್ನು ನಾವೇ ಹಾಕಬೇಕು. ಪಠ್ಯವಾದರೆ ಸಾಲಿಗೊಂದು ಸಂದೇಶ ಸಾಕು. ಆದರೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಆಗಿಸುವ ಕ್ರಮ) ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ತುಂಡು ಅದರ ನಡುವೆಯೇ ಕಡಿಯಬಹುದು. ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಸ್ಟ್ರಿಂಗ್ ಮಾಡಿದರೆ ಅಲ್ಲಲ್ಲಿ ಪ್ರಶ್ನಾರ್ಥಕದ ಚೌಕಗಳು ಕಾಣುವುದು ಇದಕ್ಕೇ. ‘ಸೆಟ್‌ಎನ್‌ಕೋಡಿಂಗ್’ ಹಾಕಿದರೆ ಅರ್ಧ ಉಳಿದ ಬೈಟ್‌ಗಳನ್ನು ನೋಡ್ ಹಿಡಿದಿಟ್ಟು ಮುಂದಿನ ತುಂಡಿಗೆ ಸೇರಿಸುತ್ತದೆ.

ಬೈನರಿಗೆ, ಅಂದರೆ ಪಠ್ಯವಲ್ಲದ ಡೇಟಾಗೆ, ಆ ದಾರಿ ಬೇಡ. ಮೊದಲ 4 ಬೈಟ್‌ನಲ್ಲಿ ಉದ್ದ, ಹಿಂದೆಯೇ ಅಷ್ಟು ಬೈಟ್ ಸಂದೇಶ. ಬಂದದ್ದನ್ನು ಕೂಡಿಡಿ, 4 ಬೈಟ್ ಆದಾಗ ಉದ್ದ ಓದಿ, ಅಷ್ಟು ತುಂಬಿದ ಮೇಲೆ ಕತ್ತರಿಸಿ ಕೊಡಿ, ಉಳಿದದ್ದರಲ್ಲಿ ಇನ್ನೊಂದು ಪೂರ್ತಿ ಸಂದೇಶ ಇದೆಯೇ ಎಂದು ಮತ್ತೆ ನೋಡಿ. ಈ ಕೊನೆಯ ಹೆಜ್ಜೆಗೆ ‘ಇಫ್’ ಬರೆದು ಕೈಬಿಡುವವರೇ ಜಾಸ್ತಿ, ಅಲ್ಲಿ ‘ವೈಲ್’ ಇರಬೇಕು.

ಕಳುಹಿಸುವವರು ಉದ್ದವನ್ನು ಸ್ಟ್ರಿಂಗ್‌ನ ‘ಲೆಂತ್’ನಿಂದ ತೆಗೆದರೋ, ಕೆಟ್ಟಿತು; ಅದು ಬೈಟ್‌ಗಳನ್ನು ಎಣಿಸುವುದಿಲ್ಲ. ‘ಬೆಂಗಳೂರು’ ಎಂಬ ಸ್ಟ್ರಿಂಗ್‌ನ ‘ಲೆಂತ್’ 8, ಆದರೆ ತಂತಿಯ ಮೇಲೆ ಹೋಗುವುದು 24 ಬೈಟ್. ಸರ್ವರ್ 8 ಬೈಟ್ ಓದಿ, ಮುಂದಿನ ನಾಲ್ಕನ್ನು ಹೊಸ ಉದ್ದವೆಂದು ನಂಬುತ್ತದೆ. ದೊಡ್ಡ ಬೈಟ್ ಮೊದಲೆಂದು (ಬಿಗ್ ಎಂಡಿಯನ್) ಓದಿದರೆ ಆ ನಾಲ್ಕು ಬೈಟ್‌ಗಳ ಬೆಲೆ 2,19,57,63,863. ಇನ್ನು 2 ಜಿಬಿ ಬರಲೆಂದು ಅದು ಸುಮ್ಮನೆ ಕಾಯುತ್ತಾ ಕೂರುತ್ತದೆ, ಲಾಗ್‌ನಲ್ಲಿ ಒಂದು ಎರರ್ ಕೂಡ ಇರುವುದಿಲ್ಲ. ‘ಬಫರ್.ಬೈಟ್‌ಲೆಂತ್’ ಬಳಸಿ. ಓದುವ ಕಡೆಯೂ ಮಿತಿ ಇಡಿ: ನಿಮ್ಮ ದೊಡ್ಡ ಸಂದೇಶ 1 ಎಂಬಿ ಎಂದಾದರೆ ಅದನ್ನು ಮೀರಿದ ಉದ್ದ ಕಂಡ ತಕ್ಷಣ ಸಾಕೆಟ್ ‘ಡಿಸ್ಟ್ರಾಯ್’. ಬೇಕೆಂದೇ ದೊಡ್ಡ ಸಂಖ್ಯೆ ಕಳಿಸಿ ಮೆಮೊರಿ ತುಂಬಿಸಲು ನೋಡುವವರಿಗೂ ಇದೇ ತಡೆ.

ಕೂಡಿಡುವುದರಲ್ಲೂ ಒಂದು ಸೂಕ್ಷ್ಮವಿದೆ. ತುಂಡು ಬಂದಾಗಲೆಲ್ಲ ‘ಬಫರ್.ಕಾನ್‌ಕ್ಯಾಟ್’ (ಎಲ್ಲವನ್ನೂ ಹೊಸ ಬಫರಿಗೆ ನಕಲಿಸಿ ಜೋಡಿಸುವುದು) ಕರೆದರೆ, 10 ಎಂಬಿಯ ಸಂದೇಶ 64 ಕೆಬಿಯ 160 ತುಂಡುಗಳಾಗಿ ಬರುವಾಗ ಒಟ್ಟು 800 ಎಂಬಿಗೂ ಹೆಚ್ಚು ನಕಲಾಗುತ್ತದೆ. ತುಂಡುಗಳನ್ನು ಅರೇಯಲ್ಲಿ ಇಟ್ಟು, ಒಟ್ಟು ಬೈಟ್ ಎಣಿಸುತ್ತಾ ಹೋಗಿ, ಸಂದೇಶ ತುಂಬಿದಾಗ ಒಮ್ಮೆ ಜೋಡಿಸಿ. ಸಂದೇಶಗಳು ಸಣ್ಣವಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

‘ಡೇಟಾ’ ಫಂಕ್ಷನ್ನಿಗೆ ‘ಅಸಿಂಕ್’ ಹಾಕಿ ಒಳಗೆ ಡೇಟಾಬೇಸ್‌ಗೆ ‘ಅವೈಟ್’ ಮಾಡಿದರೆ ಸಾಕೆಟ್ ನಿಲ್ಲುವುದಿಲ್ಲ. ಮುಂದಿನ ತುಂಡು ಬಂದೇ ಬರುತ್ತದೆ, ಕ್ರಮ ಕಲಸಿಹೋಗುತ್ತದೆ, ಮೆಮೊರಿ ಏರುತ್ತದೆ. ‘ಪಾಝ್’ (ನಿಲ್ಲಿಸು), ‘ರೆಸ್ಯೂಮ್’ (ಮುಂದುವರಿಸು) ಕೈಯಾರೆ ಮಾಡುವುದಕ್ಕಿಂತ ‘ಫಾರ್ ಅವೈಟ್’ ಲೂಪ್‌ನಲ್ಲಿ ಓದುವುದು ವಾಸಿ. ಒಂದು ತುಂಡಿನ ಕೆಲಸ ಮುಗಿಯದೆ ಅದು ಮುಂದಿನದನ್ನು ಕೊಡುವುದಿಲ್ಲ. ಆದರೆ ನಡುವೆ ‘ಬ್ರೇಕ್’ ಮಾಡಿದರೆ ಸಾಕೆಟ್ಟೇ ಮುಚ್ಚಿಹೋಗುತ್ತದೆ, ನೆನಪಿರಲಿ.

‘ಎರರ್’ ಇವೆಂಟ್‌ಗೆ ಕೇಳುಗನಿಲ್ಲದಿದ್ದರೆ ಯಾರದೋ ಒಂದು ಸಂಪರ್ಕ ಕಡಿದದ್ದಕ್ಕೆ ಇಡೀ ಪ್ರೋಸೆಸ್ ಬೀಳಬಹುದು. ಸಾಕೆಟ್‌ನ ‘ಸೆಟ್‌ಟೈಮ್‌ಔಟ್’ ಸಮಯ ಮೀರಿತೆಂದು ಹೇಳುತ್ತದೆಯೇ ಹೊರತು ಸಾಕೆಟ್ ಮುಚ್ಚುವುದಿಲ್ಲ. ಮುಚ್ಚುವುದು ನಿಮ್ಮ ಕೆಲಸ. ಅತ್ತ ಕಡೆಯವರು ಕಳಿಸಿ ಮುಗಿಸಿದರೆಂಬ ‘ಎಂಡ್’ ಇವೆಂಟ್ ಬಂದಾಗ ಕೂಡಿಟ್ಟದ್ದರಲ್ಲಿ ಒಂದು ಬೈಟ್ ಉಳಿದಿದ್ದರೂ ಕೊನೆಯ ಸಂದೇಶ ಅರ್ಧಕ್ಕೇ ನಿಂತಿದೆ ಎಂದರ್ಥ. ಅದನ್ನು ಪಾರ್ಸ್ ಮಾಡಲು ಹೋಗದೆ, ಎಷ್ಟು ಬೈಟ್ ಬರಬೇಕಿತ್ತು, ಎಷ್ಟು ಬಂತು ಎಂದು ಲಾಗ್‌ಗೆ ಬರೆಯಿರಿ.