ಎಟಿಪಿ: ಉಂಡ ಅನ್ನ ಕೆಲಸಕ್ಕಿಳಿಯುವ ರೂಪ

ಸ್ನಾಯುವಿಗೆ ಸಕ್ಕರೆ ಕೊಟ್ಟರೆ ಅದು ನೇರವಾಗಿ ಕುಗ್ಗುವುದಿಲ್ಲ, ಕೊಬ್ಬು ಕೊಟ್ಟರೂ ಅಷ್ಟೇ. ಅದಕ್ಕೆ ಬೇಕಾದದ್ದು ಅಡಿನೋಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎಟಿಪಿ, ಎಂಬ ಅಣು. ತಿಂದದ್ದು ಏನೇ ಇರಲಿ, ಅದರಲ್ಲಿನ ಶಕ್ತಿ ಈ ಅಣುವಿಗೆ ದಾಟಿದ ಮೇಲೆಯೇ ಬೆರಳು ಮಡಚುತ್ತದೆ, ನರದಲ್ಲಿ ಸಂಕೇತ ಹರಿಯುತ್ತದೆ. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಇದನ್ನು ಸ್ನಾಯುವಿನಲ್ಲಿ ಕಂಡುಹಿಡಿದರು. ಜೀವಕೋಶದ ಶಕ್ತಿ ವ್ಯವಹಾರದ ನಡುಮಧ್ಯೆ ಇರುವುದು ಇದೇ ಎಂದು 1941ರಲ್ಲಿ ಫ್ರಿಟ್ಸ್ ಲಿಪ್‌ಮನ್ ಬಿಡಿಸಿ ತೋರಿಸಿದರು.

ಅಣುವಿನ ರಚನೆ ಸರಳ: ಅಡಿನೋಸಿನ್‌ಗೆ ಸಾಲಾಗಿ ಅಂಟಿಕೊಂಡ ಮೂರು ಫಾಸ್ಫೇಟ್‌ಗಳು. ಮೂರೂ ಋಣ ವಿದ್ಯುದಂಶದವು, ಹಾಗಾಗಿ ಒಂದನ್ನೊಂದು ದೂಡುತ್ತಲೇ ಇರುತ್ತವೆ. ನೀರಿನೊಡನೆ ವರ್ತಿಸಿ ತುದಿಯ ಫಾಸ್ಫೇಟ್ ಕಳಚಿಕೊಂಡರೆ ಎರಡೇ ಫಾಸ್ಫೇಟ್‌ಗಳ ಅಡಿನೋಸಿನ್ ಡೈಫಾಸ್ಫೇಟ್, ಅಂದರೆ ಎಡಿಪಿ, ಉಳಿಯುತ್ತದೆ, ಶಕ್ತಿ ಒದಗುತ್ತದೆ. ‘ಬಂಧ ಮುರಿದಾಗ ಶಕ್ತಿ ಹೊರಬೀಳುತ್ತದೆ’ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ತಪ್ಪು. ಯಾವುದೇ ಬಂಧ ಮುರಿಯಲು ಶಕ್ತಿ ತೆರಬೇಕು. ಹೊಸದಾಗಿ ಆದ ಅಣುಗಳು ಮೊದಲಿನದಕ್ಕಿಂತ ಸ್ಥಿರವಾಗಿರುವುದರಿಂದ, ತೆತ್ತದ್ದು ಕಳೆದು ಉಳಿಯುವ ಲಾಭವೇ ಕೋಶದ ಪಾಲಿಗೆ ಸಿಗುವುದು.

ಇದರ ಕೆಲಸ ನೋಡಬೇಕೆಂದರೆ ಸ್ನಾಯುವಿನ ಒಳಗೇ ಇಣುಕಬೇಕು. ಅಲ್ಲಿ ಮಯೋಸಿನ್ ಎಂಬ ಪ್ರೋಟೀನ್‌ನ ತಲೆಗಳು ಆಕ್ಟಿನ್ ಎಳೆಗಳನ್ನು ಹಿಡಿದು ಎಳೆಯುತ್ತವೆ. ಎಳೆದಾದ ಮೇಲೆ ಹಿಡಿತ ತಾನಾಗಿ ಸಡಿಲವಾಗುವುದಿಲ್ಲ. ಹೊಸ ಎಟಿಪಿ ಬಂದು ಮಯೋಸಿನ್‌ಗೆ ಕೂಡಿಕೊಂಡರೆ ಮಾತ್ರ ಅದು ಕೈಬಿಡುತ್ತದೆ. ಅಂದರೆ ಬಿಗಿಯಲು ಬೇಕಾದಷ್ಟೇ ಸಡಿಲಿಸಲೂ ಎಟಿಪಿ ಬೇಕು. ಸತ್ತ ಕೆಲವು ಗಂಟೆಗಳಲ್ಲಿ ಹೆಣ ಸೆಟೆದುಕೊಳ್ಳುವುದು ಈ ಕಾರಣಕ್ಕೇ: ಎಟಿಪಿ ತಯಾರಿ ನಿಂತಿದೆ, ಹಿಡಿದದ್ದನ್ನು ಬಿಡಿಸುವವರಿಲ್ಲ. ಮುಂದೆ ಪ್ರೋಟೀನ್‌ಗಳೇ ಶಿಥಿಲವಾದಾಗ ಮೈ ಮತ್ತೆ ಮೆತ್ತಗಾಗುತ್ತದೆ.

ಇಷ್ಟು ಮುಖ್ಯವಾದ ಅಣುವಿನ ದಾಸ್ತಾನು ಮಾತ್ರ ತೀರಾ ಕಡಿಮೆ. ಇಡೀ ಮೈಯಲ್ಲಿ ಒಂದು ಹೊತ್ತಿಗೆ ಇರುವುದು ನೂರು ಗ್ರಾಂ ಆಸುಪಾಸು. ದಿನಕ್ಕೆ ಬಳಕೆಯಾಗುವುದು ಹೆಚ್ಚುಕಡಿಮೆ ನಮ್ಮ ದೇಹದ ತೂಕದಷ್ಟು. ಅದೇ ಅಣುಗಳು ಎಡಿಪಿಯಾಗಿ, ಮತ್ತೆ ಎಟಿಪಿಯಾಗಿ ನೂರಾರು ಸಲ ತಿರುಗುತ್ತವೆ. ಜೋರಾಗಿ ಓಡಲು ಶುರುಮಾಡಿದರೆ ಸ್ನಾಯುವಿನ ಎಟಿಪಿ ಕೆಲವೇ ಸೆಕೆಂಡುಗಳಿಗೆ ಸಾಲುತ್ತದೆ. ಸ್ನಾಯುವಿನಲ್ಲೇ ಇರುವ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ಅಣು ತನ್ನ ಫಾಸ್ಫೇಟನ್ನು ಎಡಿಪಿಗೆ ಕೊಟ್ಟು ಇನ್ನೊಂದಿಷ್ಟು ಸೆಕೆಂಡು ದಾಟಿಸುತ್ತದೆ. ಅಷ್ಟರಲ್ಲಿ ಗ್ಲೂಕೋಸ್ ಒಡೆಯುವ ಕೆಲಸ ವೇಗ ಹಿಡಿಯಬೇಕು.

ಜೀರ್ಣಾಂಗಗಳು ಪಿಷ್ಟವನ್ನು ಗ್ಲೂಕೋಸ್ ಆಗಿ, ಕೊಬ್ಬನ್ನು ಕೊಬ್ಬಿನಾಮ್ಲಗಳಾಗಿ, ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಬಿಡಿಸಿಕೊಡುತ್ತವೆ ಎಂಬುದು ಶಾಲೆಯಲ್ಲೇ ಓದಿದ ಸಂಗತಿ. ಕೋಶದೊಳಗೆ ಗ್ಲೂಕೋಸ್‌ನ ಮೊದಲ ಒಡೆತದಿಂದ ಸಿಗುವ ನಿವ್ವಳ ಎಟಿಪಿ ಬರೀ 2. ಇದಕ್ಕೆ ಆಮ್ಲಜನಕ ಬೇಡ. ಅದೇ ಗ್ಲೂಕೋಸ್ ಅಣು ಕೋಶದೊಳಗಿನ ಶಕ್ತಿ ತಯಾರಿಯ ಪುಟ್ಟ ಅಂಗವಾದ ಮೈಟೊಕಾಂಡ್ರಿಯಾದಲ್ಲಿ ಪೂರ್ತಿ ಉತ್ಕರ್ಷಣಗೊಂಡರೆ ಒಟ್ಟು ಸುಮಾರು 30ರಿಂದ 32 ಆಗುತ್ತದೆ. ಹಳೆಯ ಪಠ್ಯಗಳಲ್ಲಿ ಕಾಣುವ 36, 38 ಎಂಬ ಸಂಖ್ಯೆಗಳು ಆಮೇಲೆ ಇಳಿದವು.

ಮೈಟೊಕಾಂಡ್ರಿಯಾದಲ್ಲಿ ನಡೆಯುವುದು ಅಣೆಕಟ್ಟಿನ ವಿದ್ಯುತ್ ತಯಾರಿಯಂಥದ್ದು. ಆಹಾರದಿಂದ ಕಿತ್ತ ಎಲೆಕ್ಟ್ರಾನ್‌ಗಳು ಒಳಪೊರೆಯ ಪ್ರೋಟೀನ್‌ಗಳ ಮೂಲಕ ಕೈಬದಲಾಗುತ್ತ ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಹೋಗುವುದು ಇಲ್ಲಿಗೇ. ಆ ಹಾದಿಯಲ್ಲಿ ಸಿಕ್ಕ ಶಕ್ತಿ ಪ್ರೋಟಾನ್‌ಗಳನ್ನು ಪೊರೆಯ ಆಚೆಗೆ ದೂಡಿ ಕೂಡಿಹಾಕುತ್ತದೆ. ಅವು ವಾಪಸು ಹರಿಯುವಾಗ ಎಟಿಪಿ ಸಿಂಥೇಸ್ ಎಂಬ ಕಿಣ್ವ ನಿಜವಾಗಿಯೂ ಗಿರಗಿರನೆ ತಿರುಗುತ್ತದೆ. ಒಂದು ಸುತ್ತಿಗೆ 3 ಎಟಿಪಿ. ಪ್ರೋಟಾನ್‌ಗಳ ಈ ವಿಚಾರವನ್ನು 1961ರಲ್ಲಿ ಪೀಟರ್ ಮಿಚೆಲ್ ಮುಂದಿಟ್ಟಾಗ ಸಹೋದ್ಯೋಗಿಗಳು ಸುಲಭಕ್ಕೆ ಒಪ್ಪಲಿಲ್ಲ. 1978ರಲ್ಲಿ ನೊಬೆಲ್ ಬಂತು. 1997ರಲ್ಲಿ ಜಪಾನಿನ ಸಂಶೋಧಕರು ಈ ಕಿಣ್ವಕ್ಕೆ ಹೊಳೆಯುವ ಆಕ್ಟಿನ್ ಎಳೆಯೊಂದನ್ನು ಅಂಟಿಸಿ, ಅದು ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಕಿಣ್ವವನ್ನು ತಪ್ಪಿಸಿ ಪ್ರೋಟಾನ್‌ಗಳು ಬೇರೆ ದಾರಿಯಲ್ಲಿ ಸೋರಿದರೆ? ಎಟಿಪಿ ಆಗುವುದಿಲ್ಲ, ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಡೈನೈಟ್ರೊಫೀನಾಲ್ ಎಂಬ ರಾಸಾಯನಿಕ ಮಾಡುವುದು ಇದನ್ನೇ. 1930ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ತೂಕ ಇಳಿಸುವ ಮಾತ್ರೆಯಾಗಿ ಮಾರಿದರು. ತೂಕವೇನೋ ಇಳಿಯಿತು, ಆದರೆ ಮೈಯ ಕಾವು ವಿಪರೀತ ಏರಿ ಜನ ಸತ್ತರು. 1938ರಲ್ಲಿ ಅದರ ಬಳಕೆಗೆ ತಡೆ ಬಿತ್ತು. ಇದೇ ಸೋರಿಕೆಯನ್ನು ನಮ್ಮ ದೇಹ ಹದವರಿತು ಬಳಸಿಕೊಳ್ಳುತ್ತದೆ. ಎಳೆಗೂಸುಗಳ ಕಂದು ಕೊಬ್ಬಿನಲ್ಲಿ ಪ್ರೋಟಾನ್‌ಗಳಿಗೆಂದೇ ಒಂದು ಪ್ರೋಟೀನ್ ದಾರಿಯಿದ್ದು, ನಡುಗದೆಯೇ ಮೈ ಬೆಚ್ಚಗಿರುತ್ತದೆ. ದೊಡ್ಡವರಲ್ಲೂ ಕುತ್ತಿಗೆ, ಹೆಗಲಿನ ಸುತ್ತ ಈ ಕೊಬ್ಬು ಅಷ್ಟಿಷ್ಟು ಉಳಿದಿರುತ್ತದೆ. ಚಳಿ ತಗುಲಿದರೆ ಚುರುಕಾಗುತ್ತದೆ.